ಎರಡು ಗೇರ್ ಒಟ್ಟಿಗೆ ಬಿದ್ದರೂ ಮುರಿಯದ ಗೇರ್‌ಬಾಕ್ಸ್

2026ಕ್ಕೆ ಫಾರ್ಮುಲಾ 1 ಕಾರುಗಳ ನಿಯಮ ಹೆಚ್ಚುಕಮ್ಮಿ ಪೂರ್ತಿ ಬದಲಾಗಿದೆ. ಎಂಜಿನ್ ಜತೆಗಿರುವ ಎಲೆಕ್ಟ್ರಿಕ್ ಮೋಟರ್‌ನ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ಟರ್ಬೊ ಜತೆ ಇದ್ದ ಇನ್ನೊಂದು ಮೋಟರ್, ಎಂಜಿಯು-ಎಚ್, ಹೋಗಿದೆ. ಮುಂದಿನ ರೆಕ್ಕೆ, ಹಿಂದಿನ ರೆಕ್ಕೆ ಎರಡೂ ಓಡುವಾಗಲೇ ಕೋನ ಬದಲಿಸುತ್ತವೆ. ಯಾವ ಚರ್ಚೆಗೆ ಕಿವಿಗೊಟ್ಟರೂ ಬ್ಯಾಟರಿಯದ್ದೇ ಮಾತು. ಈ ಗದ್ದಲದಲ್ಲಿ ಗೇರ್‌ಬಾಕ್ಸ್ ಬಗ್ಗೆ ಕೇಳುವವರು ಕಡಿಮೆ. ಅದೂ ಸಹಜವೇ. ತಳ್ಳು ನಿಲ್ಲದ ಹಾಗೆ ಗೇರ್ ಬದಲಿಸುವ ಸೀಮ್‌ಲೆಸ್ ಶಿಫ್ಟ್ ಬಂದು ಇಪ್ಪತ್ತು ವರ್ಷ ಆಯಿತು. ಎಲ್ಲ ತಂಡಗಳ ಹತ್ತಿರವೂ ಇದೆ. ಎಲ್ಲರ ಹತ್ತಿರ ಇರುವುದು ಸುದ್ದಿ ಆಗುವುದಿಲ್ಲ ಅಲ್ವಾ.

ಆದರೆ ಇಷ್ಟು ದೊಡ್ಡ ಮೋಟರ್ ಬಂದ ಮೇಲೂ ಈ ಗೇರ್‌ಬಾಕ್ಸ್ ಯಾಕೆ ಉಳಿದುಕೊಂಡಿದೆ? ನನ್ನ ಪ್ರಕಾರ ಉತ್ತರ ಅರ್ಧ ಯಂತ್ರದಲ್ಲಿದೆ, ಅರ್ಧ ನಿಯಮದ ಪುಸ್ತಕದಲ್ಲಿದೆ. ಸುಲಭದ ದಾರಿಗಳನ್ನು ನಿಯಮ ಮುಚ್ಚಿತು, ಆಗ ಈ ಕಷ್ಟದ ದಾರಿ ತೆರೆಯಿತು. ಈಗ ಅದು ಉಳಿದಿರುವುದರ ಹಿಂದೆಯೂ ನಿಯಮದ ಒಂದು ಸಾಲಿದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು, ಸಮಸ್ಯೆ ಏನಿತ್ತು? ಗೇರ್ ಬದಲಿಸಬೇಕಾದರೆ ಹಳೆಯದನ್ನು ಬಿಡಬೇಕು, ಹೊಸದನ್ನು ಹಿಡಿಯಬೇಕು. ಬಿಟ್ಟು ಹಿಡಿಯುವ ನಡುವೆ ಕಾರು ನ್ಯೂಟ್ರಲ್‌ನಲ್ಲಿ ಇರುತ್ತದೆ. ಎಂಜಿನ್ ಎಷ್ಟೇ ಕೂಗಿದರೂ ಚಕ್ರಕ್ಕೆ ಏನೂ ತಲುಪುವುದಿಲ್ಲ. ಮನೆಯ ಕಾರಿನಲ್ಲಿ ಇದು ಅರ್ಧ ಸೆಕೆಂಡೋ ಮುಕ್ಕಾಲು ಸೆಕೆಂಡೋ ಆಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೀಮ್‌ಲೆಸ್‌ಗೆ ಮುಂಚಿನ ಎಫ್1 ಪ್ಯಾಡಲ್ ಗೇರ್‌ಬಾಕ್ಸ್‌ನಲ್ಲಿ ಅದು ಸುಮಾರು 50 ಮಿಲಿಸೆಕೆಂಡ್‌ಗೆ ಇಳಿದಿತ್ತು. ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಇದನ್ನೂ ಉಳಿಸಬೇಕಾ ಅಂತ ಅನಿಸಬಹುದು.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಕಾರು, ಡ್ರೈವರ್, ಪೆಟ್ರೋಲು ಎಲ್ಲ ಸೇರಿ 800 ಕಿಲೋ ಅಂದುಕೊಳ್ಳಿ. ಶಕ್ತಿ ಸುಮಾರು 750 ಕಿಲೋವ್ಯಾಟ್, ಅಂದರೆ ಸಾವಿರ ಕುದುರೆ. ವೇಗ ಗಂಟೆಗೆ 300 ಕಿ.ಮೀ. ಆ ವೇಗದಲ್ಲಿ ಎಂಜಿನ್ ಹಿಂದಿನಿಂದ ಕೊಡುವ ತಳ್ಳು 50 ಮಿಲಿಸೆಕೆಂಡ್ ನಿಂತರೆ, ಸಿಗಬೇಕಿದ್ದ ವೇಗದಲ್ಲಿ ಗಂಟೆಗೆ 2 ಕಿ.ಮೀ.ನಷ್ಟು ಖೋತಾ ಆಗುತ್ತದೆ. ಗಾಳಿ ಮಾತ್ರ ಎದುರಿನಿಂದ ತಡೆಯುವ ಕೆಲಸ ನಿಲ್ಲಿಸುವುದಿಲ್ಲ. ಕಳೆದ ಆ 2 ಕಿ.ಮೀ. ತಕ್ಷಣ ವಾಪಸ್ ಬರುವುದೂ ಇಲ್ಲ. ನೇರ ರಸ್ತೆ ಮುಗಿಯುವ ತನಕ ಕಾರು ಅದನ್ನು ಹೊತ್ತುಕೊಂಡೇ ಓಡುತ್ತದೆ. ಒಂದು ಲ್ಯಾಪ್‌ನಲ್ಲಿ, ಅಂದರೆ ಟ್ರ್ಯಾಕ್‌ನ ಒಂದು ಸುತ್ತಿನಲ್ಲಿ, 25 ಸಲ ಮೇಲಿನ ಗೇರ್ ಹಾಕಿದರೆ ಒಟ್ಟು 1.25 ಸೆಕೆಂಡ್ ತಳ್ಳುವವರೇ ಇಲ್ಲದ ಹೊತ್ತು. ಅಷ್ಟೂ ಲ್ಯಾಪ್ ಟೈಮ್‌ನಲ್ಲಿ ಕಾಣುವುದಿಲ್ಲ, ಆದರೆ ಸೆಕೆಂಡಿನ ಹತ್ತನೇ ಒಂದೆರಡು ಭಾಗವಂತೂ ಖಂಡಿತ ಹೋಗುತ್ತದೆ. 1997ರಲ್ಲಿ ಸ್ಪೇನ್‌ನ ಹೆರೆಸ್‌ನಲ್ಲಿ, ರೇಸ್‌ಗೆ ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್ ಮುಗಿದಾಗ ವಿಲ್ನೆವ್, ಶೂಮಾಕರ್, ಫ್ರೆನ್ಟ್‌ಸನ್ ಮೂವರದ್ದೂ 1 ನಿಮಿಷ 21.072 ಸೆಕೆಂಡ್. ಸಾವಿರದ ಲೆಕ್ಕದಲ್ಲೂ ವ್ಯತ್ಯಾಸ ಇಲ್ಲ. ಇಂಥ ಆಟದಲ್ಲಿ ಹತ್ತನೇ ಒಂದು ಭಾಗ ಅಂದರೆ ದೊಡ್ಡ ಆಸ್ತಿ.

ಹಿಂದೆ ಇದೇ ಕೆಲಸ ಹೇಗೆ ನಡೆಯುತ್ತಿತ್ತು ಅಂತ ತಿಳಿಯಬೇಕಾದರೆ 1991ರ ಬ್ರೆಜಿಲ್ ರೇಸ್ ನೋಡಬೇಕು. ಐರ್ಟನ್ ಸೆನ್ನಾ ಓಡಿಸುತ್ತಿದ್ದ ಮೆಕ್‌ಲಾರೆನ್ ಎಂಪಿ4/6ರಲ್ಲಿ ಕೈಯಲ್ಲಿ ಹಾಕುವ ಗೇರ್ ಲಿವರ್ ಇತ್ತು. ರೇಸ್ ಸಾಗುತ್ತಾ ಮೊದಲು ನಾಲ್ಕನೇ ಗೇರ್ ಕೈಕೊಟ್ಟಿತು. ಆಮೇಲೆ ಮೂರನೆಯದ್ದು, ಐದನೆಯದ್ದು. ಕೊನೆಯ ಲ್ಯಾಪ್‌ಗಳಲ್ಲಿ ಉಳಿದದ್ದು ಆರನೆಯದು ಮಾತ್ರ. ನಿಧಾನ ತಿರುವಿನಲ್ಲೂ ಆರನೇ ಗೇರ್. ಎಂಜಿನ್ ಬಂದ್ ಬೀಳದ ಹಾಗೆ ಎಳೆದುಕೊಂಡು ಹೋಗಿ ತನ್ನ ಊರಿನ ಜನರ ಮುಂದೆ ಮೊದಲ ಸಲ ಗೆದ್ದ. ಕಾರಿನಿಂದ ಇಳಿಸಲು ಬೇರೆಯವರು ಕೈಹಿಡಿಯಬೇಕಾಯಿತು. ಲಿವರ್ ಗೇರ್ ಇಟ್ಟುಕೊಂಡು ಚಾಂಪಿಯನ್‌ಶಿಪ್ ಗೆದ್ದ ಕೊನೆಯ ಎಫ್1 ಕಾರು ಅದು.

ಆ ಹೊತ್ತಿಗೆ ಬದಲಿ ಆಗಲೇ ಬಂದಿತ್ತು. 1989ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಫೆರಾರಿ 640ರಲ್ಲಿ ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್ ಇದ್ದವು. ಬಲಗಡೆಯದ್ದು ಎಳೆದರೆ ಮೇಲಿನ ಗೇರ್, ಎಡಗಡೆಯದ್ದು ಎಳೆದರೆ ಕೆಳಗಿನದ್ದು. ಉಳಿದದ್ದನ್ನು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ಸ್ ನೋಡಿಕೊಳ್ಳುತ್ತಿತ್ತು. ತಮಾಷೆ ಏನೆಂದರೆ ಬರ್ನಾರ್ಡ್‌ಗೆ ವೇಗದ ಆಸೆಗಿಂತ ಜಾಗದ ಚಿಂತೆ ಜಾಸ್ತಿ ಇತ್ತು. ಲಿವರ್, ಅದರ ಸರಳು, ಅದಕ್ಕೆ ಬೇಕಾದ ಮೊಣಕೈ ಜಾಗ ಎಲ್ಲ ತೆಗೆದರೆ ಕಾಕ್‌ಪಿಟ್ ಸಪೂರ ಮಾಡಬಹುದು ಅನ್ನುವುದು ಅವನ ಲೆಕ್ಕ. ಪರೀಕ್ಷೆಗಳಲ್ಲಿ ಕಾರು ಪದೇ ಪದೇ ಕೆಡುತ್ತಿತ್ತು. ರಿಯೊದ ಮೊದಲ ರೇಸ್‌ನಲ್ಲೂ ಬೇಗ ಕೆಟ್ಟು ನಿಲ್ಲುತ್ತದೆ ಅಂತ ಅದರ ಡ್ರೈವರ್ ನೈಜಲ್ ಮ್ಯಾನ್ಸೆಲ್ ಮನೆಗೆ ಹೋಗಲು ಬೇಗನೆ ಹೊರಡುವ ವಿಮಾನ ಬುಕ್ ಮಾಡಿದ್ದ ಅನ್ನುವ ಕಥೆ ಇದೆ. ಕಾರು ಕೆಡಲಿಲ್ಲ, ರೇಸ್ ಗೆದ್ದಿತು. ವರ್ಷ ಪೂರ್ತಿ ಆಮೇಲೆ ಸಾಕಷ್ಟು ಸಲ ಕೆಟ್ಟಿತು, ಅದು ಬೇರೆ ಮಾತು. ಆದರೆ ಕೆಲವೇ ವರ್ಷಗಳಲ್ಲಿ ಎಲ್ಲರೂ ಪ್ಯಾಡಲ್‌ಗೆ ಬಂದರು.

ಇಲ್ಲಿಂದ ಮುಂದೆ ಎಂಜಿನಿಯರ್‌ಗಳ ಮುಂದೆ ಮೂರು ಸುಲಭ ದಾರಿ ಇದ್ದವು. ಒಂದು, ಗೇರ್ ಬದಲಿಸುವ ಕೆಲಸವನ್ನೇ ಕಂಪ್ಯೂಟರ್‌ಗೆ ಕೊಡುವುದು. ಎರಡು, ಗೇರ್‌ಗಳನ್ನೇ ತೆಗೆದುಹಾಕಿ ಬೆಲ್ಟ್ ಮೇಲೆ ಓಡುವ ಸಿವಿಟಿ ಹಾಕುವುದು. ಈಗ ಅನೇಕ ಆಟೋಮ್ಯಾಟಿಕ್ ಕಾರುಗಳಲ್ಲಿ ಇರುವುದು ಅದೇ ತತ್ವ. 1993ರಲ್ಲಿ ವಿಲಿಯಮ್ಸ್ ತಂಡ ಸಿವಿಟಿ ಹಾಕಿದ ಎಫ್1 ಕಾರನ್ನು ಓಡಿಸಿಯೂ ನೋಡಿತು. ಆಗಿನ್ನೂ ಟೆಸ್ಟ್ ಡ್ರೈವರ್ ಆಗಿದ್ದ ಡೇವಿಡ್ ಕೂಲ್ಟಾರ್ಡ್ ಅದನ್ನು ಓಡಿಸಿದ. ಕಾರಿನ ವೇಗ ಏರುತ್ತಿತ್ತು, ಎಂಜಿನ್ ಮಾತ್ರ ಒಂದೇ ಸ್ವರದಲ್ಲಿ ಕಿರುಚುತ್ತಿತ್ತು. ರೇಸ್‌ಗೆ ಬರುವ ಮುಂಚೆಯೇ 1994ರ ನಿಯಮ ಅದನ್ನು ಮುಚ್ಚಿತು. ಆಟೋಮ್ಯಾಟಿಕ್ ಶಿಫ್ಟ್ ಕೂಡ ಆಗ ಹೊರಬಿತ್ತು. 2001ರಲ್ಲಿ ವಾಪಸ್ ಬಂದು 2004ಕ್ಕೆ ಮತ್ತೆ ಹೋಯಿತು. ಗೇರ್ ತಾನಾಗಿಯೇ ಬದಲಾದರೆ ಅದು ಡ್ರೈವರ್‌ಗೆ ಸಹಾಯ ಮಾಡಿದಂತೆ, ಹಾಗಾಗಿ ಬೇಡ. ಪ್ರತಿ ಗೇರ್ ಬದಲಾವಣೆಯನ್ನೂ ಡ್ರೈವರ್ ಪ್ರತ್ಯೇಕವಾಗಿ ಕೇಳಬೇಕು. ಇದು ಇವತ್ತಿಗೂ ಎಫ್1 ನಿಯಮದ ನಿಲುವು.

ಮೂರನೆಯದು ಎರಡು ಕ್ಲಚ್‌ನ ಡಿಸಿಟಿ. ಬೆಸ ಗೇರ್‌ಗಳಿಗೆ ಒಂದು ಕ್ಲಚ್, ಸಮ ಗೇರ್‌ಗಳಿಗೆ ಒಂದು. ಒಂದು ಕ್ಲಚ್ ಸಡಿಲ ಆಗುತ್ತಾ ಹೋದಂತೆ ಇನ್ನೊಂದು ಹಿಡಿಯುತ್ತದೆ. ಪೋರ್ಷೆ ಇದನ್ನು 1980ರ ದಶಕದಲ್ಲೇ ತನ್ನ 956 ಮತ್ತು 962 ರೇಸ್ ಕಾರುಗಳಲ್ಲಿ ಪ್ರಯೋಗಿಸಿತ್ತು. 1986ರಲ್ಲಿ ಮೊನ್ಜಾದಲ್ಲಿ ಗೆದ್ದಿತ್ತು ಕೂಡ. ಆದರೆ ಎರಡು ಕ್ಲಚ್ ಅಂದರೆ ತೂಕ ಜಾಸ್ತಿ, ಜಾಗವೂ ಜಾಸ್ತಿ. ಕಾರಿನ ಹಿಂಬದಿಯನ್ನು ಬಾಟಲಿಯ ಕುತ್ತಿಗೆಯಂತೆ ಕಿರಿದು ಮಾಡಲು ಒದ್ದಾಡುವ ಎಫ್1 ವಿನ್ಯಾಸಕಾರರಿಗೆ ಇದು ಹೊಂದುವ ಮಾತೇ ಅಲ್ಲ. ಮೋಟೊಜಿಪಿ ಬೈಕ್ ರೇಸ್‌ನಲ್ಲಿ ನಿಯಮವೇ ಡಿಸಿಟಿಗೆ ಬೇಡ ಅಂದಿದೆ.

ಹಾಗಾಗಿ ಉಳಿದದ್ದು ಒಂದೇ ಜಾಗ. ಕ್ಲಚ್ ಒಂದೇ ಇರಲಿ, ಗೇರ್‌ಗಳು ಹಳೆಯ ತರಹದ್ದೇ ಇರಲಿ, ಪ್ಯಾಡಲ್ ಡ್ರೈವರೇ ಎಳೆಯಲಿ. ಬಿಟ್ಟು ಹಿಡಿಯುವ ನಡುವಿನ ಆ 50 ಮಿಲಿಸೆಕೆಂಡ್ ಮಾತ್ರ ತೆಗೆದುಹಾಕಬೇಕು. 2005ರ ಹೊತ್ತಿಗೆ ಹೊಂಡಾ ಇದನ್ನು ಎಫ್1 ಕಾರಿಗೆ ತಂದಿತ್ತು. 2007ರ ಫೆರಾರಿಯಲ್ಲಿ ಕ್ವಿಕ್‌ಶಿಫ್ಟ್ ಅನ್ನುವ ಹೆಸರಿನಲ್ಲಿ ಬಂತು. ಆಮೇಲೆ ಹೆಚ್ಚು ದಿನ ಬೇಕಾಗಲಿಲ್ಲ, ಎಲ್ಲರೂ ಅದೇ ದಾರಿ ಹಿಡಿದರು.

ಈಗ ಗೇರ್‌ಬಾಕ್ಸ್ ಒಳಗೆ ಇಳಿಯೋಣ. ಗೇರ್ ಹಾಕುವುದು ಅಂದರೆ ಹಲ್ಲುಚಕ್ರವನ್ನು ಜರುಗಿಸಿ ಇನ್ನೊಂದಕ್ಕೆ ಕಚ್ಚಿಸುವುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಈಗಿನ ಗೇರ್‌ಬಾಕ್ಸ್‌ಗಳಲ್ಲಿ ಮುಂದಕ್ಕೆ ಹೋಗುವ ಗೇರ್ ಜೋಡಿಗಳೆಲ್ಲ ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಎಂಜಿನ್ ಕಡೆಯ ಶಾಫ್ಟ್ ತಿರುಗಿದರೆ ಎಫ್1 ಕಾರಿನ ಎಂಟು ಗೇರ್‌ಗಳ ಎಂಟೂ ಜೋಡಿ ತಿರುಗುತ್ತವೆ. ಆದರೆ ಚಕ್ರದ ಕಡೆಯ ಶಾಫ್ಟ್ ಮೇಲೆ ಕೂತಿರುವ ಗೇರ್‌ಗಳು ಸುಮ್ನೆ ಬೇರಿಂಗ್ ಮೇಲೆ ತಿರುಗುತ್ತಿರುತ್ತವೆ, ಶಾಫ್ಟ್‌ಗೆ ಅಂಟಿಕೊಂಡಿರುವುದಿಲ್ಲ. ಯಾವುದೋ ಒಂದನ್ನು ಶಾಫ್ಟ್‌ಗೆ ಲಾಕ್ ಮಾಡುವುದೇ ಗೇರ್ ಹಾಕುವುದು. ಆ ಲಾಕ್ ಮಾಡುವ ಉಂಗುರಕ್ಕೆ ಡಾಗ್ ರಿಂಗ್ ಅನ್ನುತ್ತಾರೆ. ಅದರ ಪಕ್ಕದಲ್ಲಿ ದಪ್ಪ ಗೂಟಗಳಂಥ ಹಲ್ಲು ಇರುತ್ತವೆ, ಅವೇ ಡಾಗ್‌ಗಳು. ಉಂಗುರ ಶಾಫ್ಟ್ ಜತೆಗೇ ತಿರುಗುತ್ತದೆ, ಶಾಫ್ಟ್ ಮೇಲೆ ಆಚೀಚೆ ಜಾರುತ್ತದೆ. ಜಾರಿ ಗೇರ್‌ನ ಡಾಗ್‌ಗಳ ನಡುವೆ ಹೊಕ್ಕರೆ ಲಾಕ್. ನಾವು ಓಡಿಸುವ ಬೈಕ್‌ಗಳಲ್ಲಿ ಇರುವುದೂ ಡಾಗ್‌ಗಳೇ. ಕಾಲಲ್ಲಿ ಗೇರ್ ಒತ್ತಿದಾಗ ಬರುವ 'ಟಕ್' ಶಬ್ದ ಅವುಗಳದ್ದು. ಮನೆಯ ಕಾರುಗಳಲ್ಲಿ ನಯವಾಗಿ ಸೇರಲಿ ಅಂತ ಮೊದಲು ವೇಗ ಹೊಂದಿಸುವ ಸಿಂಕ್ರೊಮೆಶ್ ಇರುತ್ತದೆ.

ಡಾಗ್ ಒಳಗೆ ಹೋಗುವುದು ಸುಲಭ. ಹೊರಗೆ ಬರುವುದು ಕಷ್ಟ. ಎಂಜಿನ್ ಪೂರ್ತಿ ಶಕ್ತಿ ಕೊಡುತ್ತಿರುವಾಗ ಡಾಗ್‌ನ ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಎಳೆದರೆ ಬರುವುದಿಲ್ಲ. ಅದಕ್ಕೇ ಎಂಜಿನ್ ಶಕ್ತಿಯನ್ನು ಒಂದು ಕ್ಷಣ ಕತ್ತರಿಸಿ, ಒತ್ತಡ ಇಳಿದಾಗ ಡಾಗ್ ಎಳೆಯುತ್ತಾರೆ. ಕೆಟಿಎಂ 390 ಡ್ಯೂಕ್‌ನಂಥ ಬೈಕ್‌ಗಳಲ್ಲಿ ಬರುವ ಕ್ವಿಕ್‌ಶಿಫ್ಟರ್ ಮಾಡುವುದು ಅದನ್ನೇ. ಅದನ್ನೂ ಸೀಮ್‌ಲೆಸ್ ಅನ್ನುವವರಿದ್ದಾರೆ. ಎರಡೂ ಬೇರೆ. ಕ್ವಿಕ್‌ಶಿಫ್ಟರ್‌ನಲ್ಲಿ ಬಿಡುವುದು ಮೊದಲು, ಹಿಡಿಯುವುದು ಆಮೇಲೆ. ಸೀಮ್‌ಲೆಸ್‌ನಲ್ಲಿ ಹಿಡಿಯುವುದು ಮೊದಲು, ಬಿಡುವುದು ಆಮೇಲೆ.

ಅಂದರೆ ಒಂದು ಕ್ಷಣ ಎರಡು ಗೇರ್ ಒಟ್ಟಿಗೆ ಬಿದ್ದಿರುತ್ತವೆ. ಯಾವ ಮೆಕ್ಯಾನಿಕ್‌ಗೆ ಹೇಳಿದರೂ ಹೌಹಾರುವ ವಿಷಯ ಇದು. ಒಂದೇ ಶಾಫ್ಟ್‌ಗೆ ಎರಡು ಬೇರೆ ವೇಗದ ಗೇರ್ ಲಾಕ್ ಆದರೆ ಶಾಫ್ಟ್ ಯಾರ ಮಾತು ಕೇಳಬೇಕು? ಏನೋ ಒಂದು ಮುರಿಯಲೇಬೇಕು. ಹಲ್ಲು ಉದುರಬೇಕು, ಇಲ್ಲ ಪೆಟ್ಟಿಗೆ ಒಡೆಯಬೇಕು.

ಮುರಿಯುವುದಿಲ್ಲ. ಯಾಕೆ ಅಂತ ಅಂಕಿಯಲ್ಲೇ ನೋಡೋಣ. ಲೆಕ್ಕ ಸುಲಭ ಆಗಲಿ ಅಂತ ನಾನೇ ಇಟ್ಟುಕೊಂಡ ಸಂಖ್ಯೆಗಳು ಇವು. ಕಾರು ಐದನೇ ಗೇರ್‌ನಲ್ಲಿದೆ. ಎಂಜಿನ್ 12,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 12,000 ಸುತ್ತು. ಐದನೇ ಗೇರ್‌ನ ಅನುಪಾತ 2. ಹಾಗಾದರೆ ಐದನೇ ಗೇರ್ ಮತ್ತು ಅದಕ್ಕೆ ಲಾಕ್ ಆದ ಶಾಫ್ಟ್ ತಿರುಗುತ್ತಿರುವುದು 6,000ದಲ್ಲಿ. ಆರನೇ ಗೇರ್‌ನ ಅನುಪಾತ 1.75. ಅದಿನ್ನೂ ಲಾಕ್ ಆಗಿಲ್ಲ, ಬೇರಿಂಗ್ ಮೇಲೆ ಬಿಟ್ಟಿ ತಿರುಗುತ್ತಿದೆ. ಅದರ ವೇಗ 12,000 ಭಾಗಿಸು 1.75, ಅಂದರೆ ಸುಮಾರು 6,857. ಗಮನಿಸಿ, ಅದು ಶಾಫ್ಟ್‌ಗಿಂತ ವೇಗವಾಗಿ ತಿರುಗುತ್ತಿದೆ.

ಡ್ರೈವರ್ ಪ್ಯಾಡಲ್ ಎಳೆದ. ಐದನೆಯದ್ದನ್ನು ಬಿಡದೆ ಆರನೆಯದರ ಡಾಗ್ ರಿಂಗ್ ಒಳಗೆ ಹೋಯಿತು. ವೇಗವಾಗಿ ಬರುತ್ತಿರುವ ಆರನೇ ಗೇರ್‌ನ ಡಾಗ್ ಹಿಂದಿನಿಂದ ಬಂದು ಶಾಫ್ಟ್‌ನ ಡಾಗ್‌ಗೆ ಬಡಿಯುತ್ತದೆ. ಆ ಕ್ಷಣದಿಂದ ಶಾಫ್ಟ್ ತಳ್ಳುವ ಕೆಲಸ ಆರನೆಯದ್ದು. 800 ಕಿಲೋ ಕಾರು ಒಮ್ಮೆಲೇ ವೇಗ ಬದಲಿಸುವುದಿಲ್ಲ, ಶಾಫ್ಟ್ 6,000ದಲ್ಲೇ ಇರುತ್ತದೆ. ಹಾಗಾಗಿ ಬಗ್ಗಬೇಕಾದದ್ದು ಎಂಜಿನ್. ಅದು 10,500ಕ್ಕೆ ಇಳಿಯುತ್ತದೆ.

ಈಗ ಐದನೇ ಗೇರ್ ಕಡೆ ನೋಡಿ. ಎಂಜಿನ್ 10,500 ಆದರೆ ಅದರ ವೇಗ 5,250. ಶಾಫ್ಟ್ 6,000. ಒಂದು ಕ್ಷಣದ ಹಿಂದೆ ಶಾಫ್ಟನ್ನು ತಳ್ಳುತ್ತಿದ್ದ ಐದನೇ ಗೇರ್ ಈಗ ಹಿಂದೆ ಬಿದ್ದಿದೆ. ಒತ್ತಿಕೊಂಡಿದ್ದ ಮುಖಗಳು ತಾವಾಗಿಯೇ ಬೇರೆಯಾಗಿವೆ. ಒತ್ತಡ ಇಲ್ಲ. ಈಗ ಎಳೆದರೆ ಸಲೀಸಾಗಿ ಬರುತ್ತದೆ. ಎಂಜಿನ್ ಶಕ್ತಿ ಕತ್ತರಿಸಿ ಮಾಡಬೇಕಿದ್ದ ಕೆಲಸವನ್ನು ಹೊಸ ಗೇರ್ ತಾನೇ ಮಾಡಿಕೊಟ್ಟಿತು. ಇಡೀ ಯಂತ್ರದ ಜಾಣತನ ಇರುವುದು ಇಷ್ಟರಲ್ಲೇ. ಹಲ್ಲು ಎರಡರದ್ದೂ ಸೇರಿದೆ, ಹೊರೆ ಹೊರುವುದು ಯಾವಾಗಲೂ ಒಂದೇ.

ಆದರೆ ಅಪಾಯ ಇನ್ನೂ ಮುಗಿದಿಲ್ಲ. ಹಿಂದೆ ಬಿದ್ದ ಐದನೇ ಗೇರ್‌ನ ಡಾಗ್, ಶಾಫ್ಟ್‌ನ ಡಾಗ್‌ಗೆ ಈಗ ಇನ್ನೊಂದು ಕಡೆಯಿಂದ ಎದುರಾಗುತ್ತದೆ. 750 ಆರ್‌ಪಿಎಂ ವ್ಯತ್ಯಾಸ ಅಂದರೆ ಮಿಲಿಸೆಕೆಂಡ್‌ಗೆ 4.5 ಡಿಗ್ರಿ. ಡಾಗ್‌ಗಳ ನಡುವೆ 30 ಡಿಗ್ರಿ ಸಡಿಲ ಜಾಗ ಇದೆ ಅಂದುಕೊಂಡರೆ, ಡಿಕ್ಕಿ ಆಗಲು 7 ಮಿಲಿಸೆಕೆಂಡ್ ಕೂಡ ಇಲ್ಲ. ಅಷ್ಟರೊಳಗೆ ಐದನೆಯದು ಹೊರಗೆ ಬಂದಿರಬೇಕು. ಬರದಿದ್ದರೆ ಆಗಲೇ ನಿಜವಾಗಿ ಎರಡು ಗೇರ್ ಲಾಕ್.

ಇದನ್ನು ಬಗೆಹರಿಸಲು ಎರಡು ದಾರಿ. ಒಂದು ಯಾಂತ್ರಿಕ. ಲಾಕ್ ಮಾಡುವ ಭಾಗವನ್ನು ಒಂದೇ ದಿಕ್ಕಿಗೆ ಹಿಡಿಯುವಂತೆ ಮಾಡುವುದು. ಸೈಕಲ್‌ನ ಹಿಂದಿನ ಚಕ್ರದ ಫ್ರೀವೀಲ್ ಹಾಗೆ. ಪೆಡಲ್ ತುಳಿದರೆ ಹಿಡಿಯುತ್ತದೆ, ತುಳಿಯುವುದು ನಿಲ್ಲಿಸಿದರೆ ಚಕ್ರ ಟಿಕ್ ಟಿಕ್ ಅನ್ನುತ್ತಾ ತಾನೇ ಓಡುತ್ತದೆ. ಗೇರ್‌ಗೂ ಶಾಫ್ಟ್‌ಗೂ ನಡುವೆ ಅಂಥ ಸಣ್ಣ ಕೊಕ್ಕೆಗಳನ್ನು ಇಟ್ಟರೆ, ಹಿಂದೆ ಬಿದ್ದ ಗೇರ್ ಡಿಕ್ಕಿ ಹೊಡೆಯದೆ ಜಾರಿಕೊಳ್ಳುತ್ತದೆ. ಬ್ರಿಟನ್‌ನ ಎಕ್ಸ್‌ಟ್ರಾಕ್ ಕಂಪನಿಯ ಐಜಿಎಸ್ ವ್ಯವಸ್ಥೆ ಕೊಕ್ಕೆಯ ಜಾತಿಯದ್ದು. ಅಲ್ಲಿಯದೇ ಇನ್ನೊಂದು ಕಂಪನಿ ಜೀರೊಶಿಫ್ಟ್, ಡಾಗ್ ರಿಂಗನ್ನೇ ಎರಡು ಭಾಗ ಮಾಡಿತು. ಮೂರು ಮೂರು ಡಾಗ್‌ಗಳ ಎರಡು ಗುಂಪು, ಅವುಗಳ ಬೆನ್ನಿಗೆ ಇಳಿಜಾರು. ಒಂದು ಗುಂಪು ಹಳೆಯ ಗೇರನ್ನು ಹಿಡಿದಿರುವಾಗಲೇ ಇನ್ನೊಂದು ಗುಂಪು ಹೊಸ ಗೇರ್ ಕಡೆ ಹೋಗುತ್ತದೆ. ಹೊಸದು ಹಿಡಿದ ತಕ್ಷಣ ಹಳೆಯ ಗುಂಪಿಗೆ ಬಿಡುಗಡೆ.

ಇನ್ನೊಂದು ದಾರಿಯಲ್ಲಿ ಡಾಗ್‌ಗಳು ಸಾದಾ ಡಾಗ್‌ಗಳೇ. ಬೆಸ ಗೇರ್‌ಗಳನ್ನು ಒಂದು ಹೈಡ್ರಾಲಿಕ್ ಕೈ, ಸಮ ಗೇರ್‌ಗಳನ್ನು ಇನ್ನೊಂದು ಕೈ ನಿಭಾಯಿಸುತ್ತದೆ. ಆ ಕೆಲವು ಮಿಲಿಸೆಕೆಂಡ್‌ಗಳ ಸಡಿಲ ಜಾಗದಲ್ಲಿ ಹಳೆಯದನ್ನು ಎಳೆದು ಬಿಡುವ ಹೊಣೆ ಕಂಪ್ಯೂಟರ್‌ದು, ಸೆನ್ಸರ್‌ಗಳದ್ದು, ವಾಲ್ವ್‌ಗಳದ್ದು. ಇಲ್ಲಿ ಬಿಡಿಭಾಗ ಕಡಿಮೆ, ಆದರೆ ಸಮಯ ಎಳ್ಳಷ್ಟೂ ತಪ್ಪುವಂತಿಲ್ಲ. ಈ ತರಹದ ವಿನ್ಯಾಸ ನನಗೆ ಸ್ವಲ್ಪ ಜಾಸ್ತಿ ಇಷ್ಟ. ಲೋಹದಿಂದ ಮಾಡಬೇಕಾದ ಕೆಲಸವನ್ನು ಸಮಯದಿಂದ ಮಾಡಿಸಿಕೊಳ್ಳುವ ಧೈರ್ಯ ಅದರಲ್ಲಿದೆ.

ಇಷ್ಟಾದ ಮೇಲೂ 'ಸೀಮ್‌ಲೆಸ್' ಅನ್ನುವ ಹೆಸರನ್ನು ಪೂರ್ತಿ ನಂಬಬೇಡಿ. 12,000ದಿಂದ 10,500ಕ್ಕೆ ಎಂಜಿನ್ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಇಳಿದಾಗ ಅದರೊಳಗೆ ತಿರುಗುತ್ತಿದ್ದ ಭಾಗಗಳ ಶಕ್ತಿ ಎಲ್ಲೋ ಹೋಗಬೇಕಲ್ಲ? ಅದು ಶಾಫ್ಟ್ ಮೂಲಕ ಟೈರ್‌ಗೆ ಹೋಗುತ್ತದೆ. ಒಂದು ಹೊಡೆತ. ಒದ್ದೆ ರಸ್ತೆಯಲ್ಲಿ, ತಿರುವಿನ ಮಧ್ಯೆ, ಆ ಹೊಡೆತಕ್ಕೇ ಹಿಂದಿನ ಟೈರ್ ಜಾರಬಹುದು. ಗೇರ್‌ಬಾಕ್ಸ್‌ನ ಆಯಸ್ಸಿಗೂ ಒಳ್ಳೆಯದಲ್ಲ. ಹಾಗಾಗಿ ಡಾಗ್ ಬಡಿಯುವ ಆ ಕ್ಷಣಕ್ಕೆ ಸರಿಯಾಗಿ ಕಂಪ್ಯೂಟರ್ ಎಂಜಿನ್‌ನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಒಂಚೂರು ತಗ್ಗಿಸುತ್ತದೆ. ಕಾರಿನೊಳಗಿನ ಕ್ಯಾಮೆರಾದ ವಿಡಿಯೊ ನೋಡುವಾಗ ಪ್ರತಿ ಗೇರ್‌ಗೂ 'ಬ್ರಪ್' ಅಂತ ಸ್ವರ ಮುರಿಯುವುದು ಕೇಳುತ್ತದಲ್ಲ, ಶಬ್ದ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ನಡುವೆ ಮೌನ ಇರುವುದಿಲ್ಲ. 1990ರ ದಶಕದ ವಿಡಿಯೊ ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಕೆಳಗಿನ ಗೇರ್‌ಗೆ ಬರುವಾಗ ಈ ಉಪಾಯ ಹಾಗೇ ನಡೆಯುವುದಿಲ್ಲ. ಕೆಳಗಿನ ಗೇರ್‌ಗೆ ಎಂಜಿನ್ ವೇಗ ಏರಬೇಕು, ಇಳಿಯುವುದಲ್ಲ. ಅದಕ್ಕೆ ಕಂಪ್ಯೂಟರ್ ಆಕ್ಸಿಲರೇಟರ್‌ಗೆ ಒಂದು ಏಟು ಕೊಟ್ಟು ವೇಗ ಹೊಂದಿಸುತ್ತದೆ. ಎಫ್1ರಲ್ಲಿ ಇದು ಅಷ್ಟು ದೊಡ್ಡ ತಲೆನೋವಲ್ಲ. ಬ್ರೇಕ್ ಒತ್ತಿದ ಹೊತ್ತಿನಲ್ಲಿ ಚಕ್ರಕ್ಕೆ ಎಂಜಿನ್‌ನ ತಳ್ಳು ಹೇಗೂ ಬೇಕಿಲ್ಲ.

ಬೈಕ್‌ನಲ್ಲಿ ಕಥೆ ಬೇರೆ. 2011ರಲ್ಲಿ ಹೊಂಡಾ ತನ್ನ ಮೋಟೊಜಿಪಿ ಬೈಕ್ ಆರ್‌ಸಿ212ವಿಗೆ ಸೀಮ್‌ಲೆಸ್ ಗೇರ್‌ಬಾಕ್ಸ್ ಹಾಕಿತು. ಕೇಸಿ ಸ್ಟೋನರ್ ಆ ವರ್ಷ ಚಾಂಪಿಯನ್ ಆದ. ಗೆಲುವಿಗೆ ಗೇರ್‌ಬಾಕ್ಸ್ ಒಂದೇ ಕಾರಣ ಅಂದರೆ ಸ್ಟೋನರ್‌ಗೆ ಅನ್ಯಾಯ. ಆದರೆ ಬೈಕ್‌ನಲ್ಲಿ ಇದರ ಲಾಭ ಸಮಯದಲ್ಲಷ್ಟೇ ಇಲ್ಲ. ಬೈಕ್ ಪೂರ್ತಿ ವಾಲಿ ಮೊಣಕೈ ನೆಲಕ್ಕೆ ತಾಗುತ್ತಿರುವಾಗ ಸಾದಾ ಗೇರ್‌ಬಾಕ್ಸ್‌ನಲ್ಲಿ ಗೇರ್ ಹಾಕಿದರೆ ತಳ್ಳು ನಿಂತು ಮತ್ತೆ ಶುರುವಾಗುತ್ತದೆ. ಸಸ್ಪೆನ್ಷನ್ ಒಮ್ಮೆ ಏಳುತ್ತದೆ, ಒಮ್ಮೆ ಕೂರುತ್ತದೆ. ತುಂಬ ಚಿಕ್ಕ ಜಾಗದ ಹಿಡಿತದ ಮೇಲೆ ನಿಂತ ಟೈರ್‌ಗೆ ಆ ಕುಲುಕು ಸಾಕು. ಅದಕ್ಕೇ ಸವಾರರು ಬೈಕ್ ನೆಟ್ಟಗಾಗುವ ತನಕ ಕಾಯುತ್ತಿದ್ದರು. ಕುಲುಕು ಹೋದ ಮೇಲೆ ವಾಲಿಕೊಂಡೇ ಗೇರ್ ಹಾಕಬಹುದು. ಯಮಹಾ ಎರಡು ವರ್ಷ ಕಾದು 2013ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಸಾನೊದಲ್ಲಿ ತನ್ನದನ್ನು ಇಳಿಸಿತು. ಕೆಳಗಿನ ಗೇರ್‌ಗೂ ಅದೇ ನಯ ಸಿಗಲು ಇನ್ನೂ ಸಮಯ ಹಿಡಿಯಿತು. ಇಷ್ಟೆಲ್ಲವನ್ನೂ ಅವರು ಮಾಡಿದ್ದು ಎಡಗಾಲಿನ ಲಿವರ್‌ನಿಂದಲೇ. ಮೋಟೊಜಿಪಿ ನಿಯಮದಲ್ಲಿ ಗೇರ್ ಬದಲಿಸಲು ಹೈಡ್ರಾಲಿಕ್ಸ್‌ಗೂ ಅವಕಾಶ ಇಲ್ಲ.

ಎಫ್1ರಲ್ಲಿ ಸ್ಪರ್ಧೆ ಮುಗಿದ ಮೇಲೆ ಈ ಪೆಟ್ಟಿಗೆ ಕೊಂಡು ತರುವ ಸಾಮಾನಾಯಿತು. ಬೆಂಗಳೂರಿನ ವಿಜಯ್ ಮಲ್ಯ ಒಡೆತನದಲ್ಲಿದ್ದ ಫೋರ್ಸ್ ಇಂಡಿಯಾ ತಂಡ ಇದಕ್ಕೆ ಒಳ್ಳೆಯ ಉದಾಹರಣೆ. 2008ರಲ್ಲಿ ಒಂದು ಪಾಯಿಂಟ್ ಕೂಡ ಸಿಗಲಿಲ್ಲ. 2009ಕ್ಕೆ ಮರ್ಸಿಡಿಸ್ ಎಂಜಿನ್, ಅದರ ಜತೆ ಮೆಕ್‌ಲಾರೆನ್‌ನಿಂದ ಗೇರ್‌ಬಾಕ್ಸ್ ಮತ್ತು ಹೈಡ್ರಾಲಿಕ್ಸ್ ತಂದರು. ಆ ವರ್ಷ ಬೆಲ್ಜಿಯಂನ ಸ್ಪಾದಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಗಿಟ್ಟಿಸಿ, ರೇಸ್‌ನಲ್ಲಿ ಫೆರಾರಿಯ ರೈಕೊನೆನ್‌ಗಿಂತ ಒಂದು ಸೆಕೆಂಡೂ ಇಲ್ಲದ ಅಂತರದಲ್ಲಿ ಎರಡನೆಯವನಾದ. ಸಣ್ಣ ತಂಡ ತನ್ನ ದುಡ್ಡು, ಜನ, ಸಮಯ ಎಲ್ಲವನ್ನೂ ಗಾಳಿಯ ವಿನ್ಯಾಸಕ್ಕೆ ಹಾಕಿ, ಗೇರ್‌ಬಾಕ್ಸ್ ಹೊರಗಿನಿಂದ ತಂದರೆ ಏನು ಸಾಧ್ಯ ಅಂತ ಆ ರೇಸ್ ತೋರಿಸಿತು.

2026ರಲ್ಲಿ ಇದೇ ಮಾರುಕಟ್ಟೆ ಇನ್ನೂ ವಿಸ್ತಾರವಾಗಿದೆ. ಮರ್ಸಿಡಿಸ್‌ನ ಗೇರ್‌ಬಾಕ್ಸ್ ವಿಲಿಯಮ್ಸ್‌ಗೆ ಹೋಗುತ್ತದೆ. ತನ್ನದೇ ರೆನೊ ಎಂಜಿನ್ ಬಿಟ್ಟ ಆಲ್ಪೀನ್ ಕೂಡ ಈಗ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಮರ್ಸಿಡಿಸ್‌ನಿಂದ ತರುತ್ತದೆ. ಹಾಸ್‌ಗೂ ಹೊಸದಾಗಿ ಬಂದ ಕ್ಯಾಡಿಲಾಕ್‌ಗೂ ಫೆರಾರಿಯದ್ದು. ಹೊಳೆಯ ಎದುರು ಈಜುತ್ತಿರುವುದು ಆಸ್ಟನ್ ಮಾರ್ಟಿನ್. ಇಷ್ಟು ವರ್ಷ ಮರ್ಸಿಡಿಸ್‌ನಿಂದ ತರುತ್ತಿದ್ದವರು ಈಗ ಹೊಂಡಾ ಎಂಜಿನ್ ಹಿಡಿದು ಗೇರ್‌ಬಾಕ್ಸ್ ತಾವೇ ಮಾಡುತ್ತಿದ್ದಾರೆ. ಕಾರಣ ಗೇರ್ ಬೀಳುವ ವೇಗ ಅಲ್ಲ. ಹಿಂದಿನ ಸಸ್ಪೆನ್ಷನ್‌ನ ಕೈಗಳು ಗೇರ್‌ಬಾಕ್ಸ್‌ನ ಕವಚಕ್ಕೇ ಕಚ್ಚಿಕೊಂಡಿರುತ್ತವೆ. ಪೆಟ್ಟಿಗೆ ಬೇರೆಯವರದ್ದಾದರೆ ಆ ಜಾಗಗಳನ್ನೂ ಅವರೇ ನಿರ್ಧರಿಸಿರುತ್ತಾರೆ, ಹಿಂಬದಿಯ ಗಾಳಿ ಹೇಗೆ ಹರಿಯಬೇಕು ಅನ್ನುವುದೂ ಅರ್ಧ ಅವರ ಕೈಯಲ್ಲೇ. ಗೇರ್‌ಬಾಕ್ಸ್ ಮೇಲಿನ ಜಗಳ ಈಗ ಗೇರ್‌ಗಳದ್ದಲ್ಲ, ಅದರ ಹೊರಗಿನ ಆಕಾರದ್ದು.

ಬಾಳಿಕೆಯ ನಿಯಮ ಕೂಡ ಇದನ್ನು ಪಳಗಿಸಿತು. 2008ರಿಂದ ಒಂದು ಗೇರ್‌ಬಾಕ್ಸ್ ನಾಲ್ಕು ರೇಸ್ ಓಡಬೇಕು ಅಂತಾಯಿತು, ಆಮೇಲೆ ಐದು, 2014ಕ್ಕೆ ಆರು. ಮೊದಲೇ ಬದಲಿಸಿದರೆ ರೇಸ್ ಹೊರಡುವ ಸಾಲಿನಲ್ಲಿ, ಅಂದರೆ ಗ್ರಿಡ್‌ನಲ್ಲಿ, ಐದು ಸ್ಥಾನ ಹಿಂದೆ ಸರಿಯಬೇಕಿತ್ತು. ಈ ಶಿಕ್ಷೆಯ ಭಯ ಎಂಥದ್ದು ಅಂತ 2021ರ ಮೊನಾಕೊದಲ್ಲಿ ಕಂಡಿತು. ಫೆರಾರಿಯ ಡ್ರೈವರ್ ಶಾರ್ಲ್ ಲೆಕ್ಲೇರ್ ತನ್ನೂರಿನಲ್ಲೇ ಪೋಲ್ ಗಳಿಸಿ, ಅದೇ ಸೆಷನ್‌ನ ಕೊನೆಯಲ್ಲಿ ಗೋಡೆಗೆ ಗುದ್ದಿದ. ಫೆರಾರಿ ಗೇರ್‌ಬಾಕ್ಸ್ ಪರೀಕ್ಷಿಸಿ ಸರಿಯಿದೆ ಅಂತ ಅದನ್ನೇ ಉಳಿಸಿಕೊಂಡಿತು. ಗೇರ್‌ಬಾಕ್ಸ್‌ಗೆ ಏನೂ ಆಗಿರಲಿಲ್ಲ. ಕೈಕೊಟ್ಟಿದ್ದು ಎಡ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ನ ಹಬ್. ಗ್ರಿಡ್‌ಗೆ ಬರುವ ದಾರಿಯಲ್ಲೇ ಅವನ ರೇಸ್ ಮುಗಿಯಿತು.

ಈಗ ಆ ಒಂದು ಸಾಲಿಗೆ ಬರೋಣ. 350 ಕಿಲೋವ್ಯಾಟ್ ಮೋಟರ್ ಕಾರಿನಲ್ಲಿದೆ. ಮೋಟರ್‌ಗೆ ಗೇರ್ ಬೇಕಿಲ್ಲ, ಶೂನ್ಯದಿಂದಲೇ ಟಾರ್ಕ್ ಕೊಡುತ್ತದೆ. ಅದನ್ನು ಗೇರ್‌ಬಾಕ್ಸ್‌ನ ಆಚೆ, ಚಕ್ರದ ಕಡೆಗೆ ಜೋಡಿಸಿದ್ದರೆ? ಗೇರ್ ಬದಲಾಗುವ 50 ಮಿಲಿಸೆಕೆಂಡ್ ಕಾರನ್ನು ಮೋಟರ್ ತಳ್ಳುತ್ತಿತ್ತು. ಎಂಜಿನ್ ಆರಾಮಾಗಿ ಬಿಟ್ಟು ಹಿಡಿಯಬಹುದಿತ್ತು. ಸಾದಾ ಡಾಗ್ ಗೇರ್‌ಬಾಕ್ಸ್ ಸಾಕಾಗುತ್ತಿತ್ತು. ಹೈಬ್ರಿಡ್ ಕಾರುಗಳಲ್ಲಿ ಈ ಉಪಾಯ ಹೊಸದೇನಲ್ಲ.

ಆದರೆ ಎಫ್1 ನಿಯಮದ ಪ್ರಕಾರ ಎಂಜಿಯು-ಕೆ ಅನ್ನುವ ಈ ಮೋಟರ್ ಕ್ಲಚ್‌ಗೆ ಮೊದಲೇ, ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಜತೆಗೆ ಒಂದೇ ಅನುಪಾತದಲ್ಲಿ ಕಾಯಂ ಆಗಿ ಜೋಡಣೆಯಾಗಿರಬೇಕು. ಹಾಗಾಗಿ ಮೋಟರ್‌ನ ಶಕ್ತಿಯೂ ಅದೇ ಗೇರ್‌ಬಾಕ್ಸ್ ಮೂಲಕವೇ ಹೋಗಬೇಕು. ಡಾಗ್ ಬಿಟ್ಟರೆ ಎಂಜಿನ್ ಜತೆ ಮೋಟರ್ ಕೂಡ ಕೈಬಿಟ್ಟಂತೆ. ಸೀಮ್‌ಲೆಸ್ ಬೇಡ ಅನ್ನುವ ಹಾಗಿಲ್ಲ, ಬದಲಿಗೆ ಅದರ ಮೇಲೆ ಹೊರೆ ಜಾಸ್ತಿಯಾಗಿದೆ. ಟರ್ಬೊವನ್ನು ತಿರುಗಿಸಿಕೊಡಲು ಎಂಜಿಯು-ಎಚ್ ಇಲ್ಲದ ಕಾರಣ ಟರ್ಬೊದ ವೇಗ ಇಳಿಯದಂತೆ ನೋಡಿಕೊಳ್ಳಬೇಕು. ಅಂದರೆ ತಿರುವಿನಲ್ಲಿ ಎಂಜಿನ್ ಆರ್‌ಪಿಎಂ ಇಳಿಯಬಾರದು, ಅಂದರೆ ಹಿಂದಿಗಿಂತ ಕೆಳಗಿನ ಗೇರ್‌ನಲ್ಲಿ ತಿರುಗಬೇಕು. ಬ್ಯಾಟರಿ ತುಂಬಿಸುವುದಕ್ಕೂ ಅದೇ ಅನುಕೂಲ, ಮೋಟರ್ ಕ್ರ್ಯಾಂಕ್‌ಗೆ ಅಂಟಿಕೊಂಡಿದೆಯಲ್ಲ. ತಿರುವಿಗೆ ಮುಂಚೆ ಒಂದು ಗೇರ್ ಜಾಸ್ತಿ ಇಳಿದರೆ, ಆಮೇಲೆ ಒಂದು ಗೇರ್ ಜಾಸ್ತಿ ಏರಲೇಬೇಕು.

ಗೇರ್ ಬೇಡವೇ ಬೇಡ ಅಂದವರೂ ಇದ್ದಾರೆ. 2014ರಲ್ಲಿ ಫಾರ್ಮುಲಾ ಇ ಶುರುವಾದಾಗ ಎಲೆಕ್ಟ್ರಿಕ್ ಕಾರಿಗೂ ಐದು ಗೇರ್‌ನ ಪೆಟ್ಟಿಗೆ ಇತ್ತು. ಎರಡನೇ ಸೀಸನ್‌ಗೆ ತಂಡಗಳು ಗೇರ್ ಕಡಿಮೆ ಮಾಡಲು ಶುರು ಮಾಡಿದವು. ಕೊನೆಗೆ ಎಲ್ಲರೂ ಒಂದೇ ಗೇರ್‌ಗೆ ಬಂದರು. 2023ರ ಫೆಬ್ರುವರಿಯಲ್ಲಿ ಹೈದರಾಬಾದ್‌ನ ಹುಸೇನ್ ಸಾಗರದ ಪಕ್ಕ ಓಡಿದ ಕಾರುಗಳಲ್ಲಿ ಬದಲಿಸಲು ಗೇರೇ ಇರಲಿಲ್ಲ.

ರಸ್ತೆಯ ಕಾರಿಗೆ ಸೀಮ್‌ಲೆಸ್ ಯಾವಾಗ ಬರುತ್ತೆ ಅಂತ ಕೇಳುವವರಿಗೆ ನನ್ನ ಉತ್ತರ ಸೀದಾ: ಕಾಯಬೇಡಿ. ಜೀರೊಶಿಫ್ಟ್ ರಸ್ತೆಯ ಕಾರಿನ ಆಸೆ ಇಟ್ಟುಕೊಂಡೇ ಹೊರಟದ್ದು, ಆದರೆ ಶೋರೂಮ್‌ಗಳನ್ನು ತುಂಬಿದ್ದು ಡಿಸಿಟಿ. ಒಂದೂವರೆ ಲಕ್ಷ ಕಿ.ಮೀ. ಓಡಬೇಕಾದ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮೊದಲನೇ ಎರಡನೇ ಗೇರ್ ನಡುವೆ ಒದ್ದಾಡುವ ಕಾರಿಗೆ ಡಾಗ್‌ನ ಹೊಡೆತ ಬೇಕಿಲ್ಲ. ಕ್ಲಚ್ ಸ್ವಲ್ಪ ಜಾರುತ್ತಾ ನಯವಾಗಿ ಹಿಡಿಯುವುದೇ ಅಲ್ಲಿ ಸರಿ. ಇನ್ನು ಎಲೆಕ್ಟ್ರಿಕ್ ಕಾರುಗಳಲ್ಲಿ ಬಹುಪಾಲಿಗೆ ಇರುವುದು ಒಂದೇ ಗೇರ್. ಪೋರ್ಷೆ ಟೈಕಾನ್‌ನ ಹಿಂದಿನ ಆಕ್ಸಲ್‌ನಲ್ಲಿ ಎರಡಿವೆ, ಅದೂ ಅಪರೂಪ ಅಂತಲೇ ಸುದ್ದಿಯಾಯಿತು.